ಸ್ಕ್ಯಾಟರೋಮೀಟರ್ ಫೋಟೋ ತೆಗೆಯಲ್ಲ, ತೂಕ ಹಾಕತ್ತೆ

ಪ್ರಶ್ನೆ: ನಮಸ್ಕಾರ ಸರ್. ನಾನು ರಿಮೋಟ್ ಸೆನ್ಸಿಂಗ್ ಎಂಎಸ್ಸಿ ಎರಡನೇ ವರ್ಷದ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗೆ ಮಣ್ಣಿನ ತೇವಾಂಶ ತಗೊಂಡಿದೀನಿ, ಗೈಡು ಸ್ಕ್ಯಾಟರೋಮೀಟರ್ ಡೇಟಾ ಬಳಸು ಅಂದಿದಾರೆ. ಆಸ್ಕ್ಯಾಟ್ (ಯುರೋಪಿನ ಮೆಟಾಪ್ ಉಪಗ್ರಹಗಳ ಮೇಲಿರೋ ಸ್ಕ್ಯಾಟರೋಮೀಟರ್) ಫೈಲ್ ಇಳಿಸ್ಕೊಂಡು ನೋಡಿದ್ರೆ ನಂಬರೆಲ್ಲಾ ಮೈನಸ್‌ನಲ್ಲಿದೆ, ವಾಪಸ್ ಬಂದ ಪವರ್ ಮೈನಸ್ ಹೇಗಾಗತ್ತೆ? ಎಸ್‌ಎಆರ್ (ಚಿತ್ರ ತೆಗೆಯೋ ರೇಡಾರ್) ಉಪಗ್ರಹಗಳು 10 ಮೀಟರ್ ಪಿಕ್ಸೆಲ್ ಕೊಡೋ ಕಾಲದಲ್ಲಿ 25 ಕಿಲೋಮೀಟರ್ ಪಿಕ್ಸೆಲ್ ಇಟ್ಕೊಂಡು ಏನ್ಮಾಡೋದು? ಮತ್ತೆ ಸಮುದ್ರದ ಗಾಳಿ ಅಳೆಯೋಕೆ ಮಾಡಿದ ಉಪಕರಣಕ್ಕೆ ಮಣ್ಣು ಒದ್ದೆಯಾಗಿದೆ ಅಂತ ಗೊತ್ತಾಗೋದಾದ್ರೂ ಹೇಗೆ?

ಉತ್ತರ: ಮೈನಸ್ ಪ್ರಶ್ನೆಯಿಂದಾನೇ ಶುರು ಮಾಡ್ತೀನಿ. ಕೇಳೋಕೆ ನಾಚಿಕೆ ಆಗೋ ಥರದ ಪ್ರಶ್ನೆ ಅಂತ ತುಂಬಾ ಜನ ಕೇಳಲ್ಲ, ಆಮೇಲೆ ಮೂರು ತಿಂಗಳು ತಪ್ಪು ಲೆಕ್ಕ ಮಾಡ್ಕೊಂಡು ಕೂತಿರ್ತಾರೆ.

ಸ್ಕ್ಯಾಟರೋಮೀಟರ್ ಅಂದ್ರೆ ರೇಡಾರೇ, ಬೇರೇನಲ್ಲ. ಮೇಲಿಂದ ಓರೆಯಾಗಿ ಮೈಕ್ರೋವೇವ್ ಪಲ್ಸ್ ಬಿಡತ್ತೆ, ನೆಲವೋ ನೀರೋ ಹಿಮವೋ ಅದನ್ನ ನಾಲ್ಕೂ ದಿಕ್ಕಿಗೆ ಚೆದುರಿಸತ್ತೆ, ಆ ಚೆದುರಿದ್ದರಲ್ಲಿ ಬಂದ ದಾರೀಲೇ ಎಷ್ಟು ವಾಪಸ್ ಬಂತು ಅನ್ನೋದನ್ನ ಅಳೆಯತ್ತೆ. ಆಂಟೆನಾದ ಗೇನ್ ಎಷ್ಟು, ದೂರ ಎಷ್ಟು, ಬಿಟ್ಟ ಪವರ್ ಎಷ್ಟು, ಪಲ್ಸ್ ಬಿದ್ದ ಜಾಗ ಎಷ್ಟು ಅಗಲ ಇತ್ತು, ಇವನ್ನೆಲ್ಲ ಭಾಗಿಸಿ ತೆಗೆದುಬಿಟ್ರೆ ಕೊನೆಗೆ ಉಳಿಯೋದು ಆ ನೆಲದ ಸ್ವಂತ ಗುಣ ಹೇಳೋ ಒಂದೇ ನಂಬರು, ಅದೇ ಸಿಗ್ಮಾ ನಾಟ್. ಅದೊಂದು ಅನುಪಾತ, ಯೂನಿಟ್ ಇಲ್ಲ. ದಟ್ಟ ಕಾಡಿನ ಮೇಲೆ ಸಿ-ಬ್ಯಾಂಡ್‌ನಲ್ಲಿ (ಆಸ್ಕ್ಯಾಟ್ ಬಳಸೋ, 5 ಗಿಗಾಹರ್ಟ್ಸ್ ಆಸುಪಾಸಿನ ಮೈಕ್ರೋವೇವ್) 0.2ರ ಆಸುಪಾಸು ಇರಬಹುದು, ನುಣುಪಾದ ಒಣ ಮರಳಿನ ಮೇಲೆ 0.01ಕ್ಕೂ ಇಳಿಯಬಹುದು. ಇಷ್ಟು ಅಗಲದ ರೇಂಜನ್ನ ಹಾಗೇ ಬರೆಯೋದು ಕಷ್ಟ ಅಂತ ಲಾಗರಿದಮ್ ತಗೊಂಡು 10ರಿಂದ ಗುಣಿಸಿ ಡೆಸಿಬೆಲ್ ಮಾಡ್ತಾರೆ, ಆಗ 0.1 ಅನ್ನೋದು ಮೈನಸ್ 10 ಡಿಬಿ ಆಗತ್ತೆ, 0.01 ಮೈನಸ್ 20. ಅಂದ್ರೆ ನಿಮ್ಮ ಫೈಲಲ್ಲಿರೋ ಮೈನಸ್ಸಿಗೆ 'ಒಂದಕ್ಕಿಂತ ಕಮ್ಮಿ' ಅನ್ನೋದು ಬಿಟ್ರೆ ಬೇರೆ ಅರ್ಥ ಇಲ್ಲ, ಪವರ್ ಏನೂ ನೆಗೆಟಿವ್ ಆಗಿಲ್ಲ.

ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ಡಿಬಿಯಲ್ಲಿ ಇರೋದನ್ನ ನೇರವಾಗಿ ಸರಾಸರಿ ಮಾಡಬಾರದು. ಮೈನಸ್ 10 ಮತ್ತೆ ಮೈನಸ್ 20 ಎರಡರ ಸರಾಸರಿ ಮೈನಸ್ 15 ಅಂತ ಎಕ್ಸೆಲ್ ಹೇಳತ್ತೆ, ಆದ್ರೆ ನಿಜವಾದ ಪವರ್ ಲೆಕ್ಕದಲ್ಲಿ 0.1 ಮತ್ತೆ 0.01ರ ಸರಾಸರಿ 0.055, ಅದನ್ನ ಡಿಬಿಗೆ ಹಾಕಿದ್ರೆ ಮೈನಸ್ 12.6. ಎರಡೂವರೆ ಡಿಬಿ ಹೋಯ್ತಲ್ಲ, ಎಷ್ಟೋ ಕಡೆ ಮಳೆಗಾಲಕ್ಕೂ ಬೇಸಿಗೆಗೂ ಇರೋ ವ್ಯತ್ಯಾಸವೇ ಅಷ್ಟಿರತ್ತೆ. ಸರಾಸರಿ, ರೀಸ್ಯಾಂಪ್ಲಿಂಗ್, ಫಿಲ್ಟರಿಂಗ್ ಏನೇ ಇದ್ರೂ ಮೊದಲು ಲೀನಿಯರ್‌ಗೆ ತನ್ನಿ, ಮಾಡಿ, ಆಮೇಲೆ ವಾಪಸ್ ಡಿಬಿಗೆ ಹೋಗಿ.

ಇಷ್ಟೆಲ್ಲ ಹೇಳಿ ಈಗ ಇನ್ನೊಂದು ಹೇಳಿದ್ರೆ ನಿಮಗೆ ನಗು ಬರಬಹುದು: ಲೀನಿಯರ್ ಸಿಗ್ಮಾ ನಾಟ್ ಕೂಡ ಕೆಲವೊಮ್ಮೆ ನಿಜವಾಗ್ಲೂ ನೆಗೆಟಿವ್ ಬರತ್ತೆ. ರಿಸೀವರ್‌ಗೆ ಬರೋದ್ರಲ್ಲಿ ಸಿಗ್ನಲ್ ಜೊತೆ ನಾಯ್ಸೂ ಸೇರಿರತ್ತೆ, ಅದಕ್ಕೆ ನಾಯ್ಸನ್ನ ಬೇರೆಯಾಗಿ ಅಳೆದು ಒಟ್ಟು ಪವರ್‌ನಿಂದ ಕಳೀತಾರೆ. ಗಾಳಿಯೇ ಇಲ್ಲದ ಸಮುದ್ರದಿಂದ ವಾಪಸ್ ಬರೋದು ಎಷ್ಟು ಸಣ್ಣದು ಅಂದ್ರೆ ಕಳೆದಾಗ ಒಮ್ಮೊಮ್ಮೆ ಸೊನ್ನೆಗಿಂತ ಕೆಳಗೆ ಹೋಗಿಬಿಡತ್ತೆ. ಅದು ತಪ್ಪು ಡೇಟಾ ಅಲ್ಲ, ಎಸೀಬೇಡಿ, ಎಸೆದ್ರೆ ಸರಾಸರಿ ಮೇಲಕ್ಕೆ ವಾಲತ್ತೆ. ಲಾಗ್ ಮಾತ್ರ ತೆಗೆಯೋಕಾಗಲ್ಲ ಅಷ್ಟೇ. ನೆಲದ ಮೇಲೆ ಈ ತಲೆನೋವು ಕಮ್ಮಿ, ಅಲ್ಲಿ ಸಿಗ್ನಲ್ ಸಾಕಷ್ಟಿರತ್ತೆ.

ಈಗ 25 ಕಿಲೋಮೀಟರ್ ವಿಷಯ. ಮೊದಲೇ ಒಂದು ಬೇಜಾರಿನ ಸುದ್ದಿ ಹೇಳಿಬಿಡ್ತೀನಿ: ನೀವು 25 ಅಂದುಕೊಂಡಿರೋದು ಬಹುಶಃ 50. ಆಸ್ಕ್ಯಾಟ್‌ನಲ್ಲಿ 25 ಕಿಲೋಮೀಟರ್ ಗ್ರಿಡ್‌ನ ಪ್ರಾಡಕ್ಟ್‌ಗೆ ಅಸಲಿ ರೆಸಲ್ಯೂಷನ್ 50 ಕಿಲೋಮೀಟರ್ ಹತ್ರ ಇರತ್ತೆ, 12.5ರ ಗ್ರಿಡ್‌ಗೆ 25ರಿಂದ 34. ಗ್ರಿಡ್ ಅನ್ನೋದು ಚುಕ್ಕಿ ಎಷ್ಟು ದೂರಕ್ಕೊಂದು ಇಟ್ಟಿದಾರೆ ಅನ್ನೋ ಲೆಕ್ಕ, ಪ್ರತಿ ಚುಕ್ಕಿ ಎಷ್ಟು ಜಾಗದ ಮಾತು ಹೇಳ್ತಿದೆ ಅನ್ನೋದು ಬೇರೆ ಲೆಕ್ಕ, ಪಕ್ಕಪಕ್ಕದ ಚುಕ್ಕಿಗಳು ಅರ್ಧಕ್ಕರ್ಧ ಒಂದೇ ನೆಲವನ್ನ ನೋಡ್ತಿರ್ತವೆ. ವೈವಾದಲ್ಲಿ ಇದನ್ನ ಕೇಳೇ ಕೇಳ್ತಾರೆ.

ಹಾಗಾದ್ರೆ ಯಾಕೆ ಬೇಕು? ಎಸ್‌ಎಆರ್ ಒಂದು ಕ್ಯಾಮೆರಾ ಅನ್ಕೊಳ್ಳಿ, ಸ್ಕ್ಯಾಟರೋಮೀಟರ್ ಒಂದು ತಕ್ಕಡಿ. ತಕ್ಕಡಿ ನಿಮಗೆ ವಸ್ತುವಿನ ಆಕಾರ ತೋರಿಸಲ್ಲ, ಆದ್ರೆ ನಿನ್ನೆಗಿಂತ ಇವತ್ತು ಎಷ್ಟು ಜಾಸ್ತಿ ಅಂತ ಕರಾರುವಾಕ್ಕಾಗಿ ಹೇಳತ್ತೆ. ರೇಡಾರ್ ಚಿತ್ರದಲ್ಲಿ ಮೆಣಸು ಚೆಲ್ಲಿದ ಹಾಗೆ ಚುಕ್ಕೆ ಚುಕ್ಕೆ ಕಾಣೋದನ್ನ ನೋಡಿರ್ತೀರ, ಸ್ಪೆಕಲ್ ಅಂತಾರಲ್ಲ. ಒಂದು ಪಿಕ್ಸೆಲ್ ಒಳಗಿರೋ ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ಚೆದುರಿಸೋ ವಸ್ತುಗಳಿಂದ ಬರೋ ಅಲೆಗಳು ಒಂದಕ್ಕೊಂದು ಕೂಡ್ಕೊಂಡೋ ಕಳ್ಕೊಂಡೋ ಆಗೋ ಆಟ ಅದು. ಒಂದೇ ಒಂದು ಅಳತೆ ತಗೊಂಡ್ರೆ ಸ್ಪೆಕಲ್‌ನಿಂದಾಗೋ ಏರುಪೇರು ಸರಾಸರಿಯಷ್ಟೇ ದೊಡ್ಡದಿರತ್ತೆ, ಅಂದ್ರೆ 100 ಪರ್ಸೆಂಟ್. ಒಂದಕ್ಕೊಂದು ಸಂಬಂಧ ಇಲ್ಲದ 100 ಅಳತೆಗಳ ಸರಾಸರಿ ತಗೊಂಡ್ರೆ ಅದು 10 ಪರ್ಸೆಂಟಿಗೆ ಇಳಿಯತ್ತೆ, ಸುಮಾರು 0.4 ಡಿಬಿ. 1000 ತಗೊಂಡ್ರೆ 3 ಪರ್ಸೆಂಟ್ ಆಸುಪಾಸು, 0.14 ಡಿಬಿ. ಸ್ಕ್ಯಾಟರೋಮೀಟರ್ ಮಾಡೋ ವ್ಯಾಪಾರ ಇಷ್ಟೇ, ಜಾಗದ ವಿವರ ಬಿಟ್ಟುಕೊಟ್ಟು ಆ ಜಾಗದ ಒಂದೇ ನಂಬರನ್ನ ಗಟ್ಟಿ ಮಾಡ್ಕೊಳ್ಳತ್ತೆ.

ಇನ್ನೊಂದು ಲಾಭ ಎಷ್ಟು ಸಲ ನೋಡತ್ತೆ ಅನ್ನೋದು. ಆಸ್ಕ್ಯಾಟ್‌ಗೆ ತನ್ನ ಎರಡೂ ಪಕ್ಕಕ್ಕೆ 550 ಕಿಲೋಮೀಟರ್ ಅಗಲದ ಒಂದೊಂದು ಪಟ್ಟಿ ಇದೆ, ನಡುವೆ ಸುಮಾರು 700 ಕಿಲೋಮೀಟರ್ ಖಾಲಿ ಬಿಡತ್ತೆ, ಆದ್ರೂ ಒಂದೆರಡು ದಿನದಲ್ಲಿ ಭೂಮಿ ಹೆಚ್ಚುಕಮ್ಮಿ ಮುಗಿಸಿಬಿಡತ್ತೆ. ಮೋಡ ಇರಲಿ ರಾತ್ರಿ ಇರಲಿ ಅದಕ್ಕೆ ಲೆಕ್ಕಕ್ಕಿಲ್ಲ. ಸೆಂಟಿನೆಲ್-1 ಥರದ ಎಸ್‌ಎಆರ್‌ನ ಒಂದು ಉಪಗ್ರಹ ಅದೇ ಕಕ್ಷೆಯ ಅದೇ ಕೋನಕ್ಕೆ ವಾಪಸ್ ಬರೋಕೆ 12 ದಿನ ಬೇಕು, ಅಷ್ಟರಲ್ಲಿ ಮಳೆ ಬಂದು ಮಣ್ಣು ನೆನೆದು ಒಣಗಿಯೂ ಆಗಿರತ್ತೆ. ಹಂಗಂತ ಎಸ್‌ಎಆರ್ ಬೇಡ ಅಂತಲ್ಲ, ಹೊಲದಿಂದ ಹೊಲಕ್ಕೆ ವ್ಯತ್ಯಾಸ ಬೇಕಾದವರು ಸ್ಕ್ಯಾಟರೋಮೀಟರ್ ಹತ್ರ ಹೋಗಲೇಬಾರದು.

ಸಮುದ್ರದ ಕಥೆ ಸ್ವಲ್ಪ ಹೇಳ್ಲೇಬೇಕು, ಯಾಕಂದ್ರೆ ಈ ಉಪಕರಣದ ಕೈಕಾಲು ಹೀಗ್ಯಾಕಿದೆ ಅನ್ನೋದು ಅಲ್ಲಿಂದಾನೇ ಅರ್ಥ ಆಗೋದು. ಎರಡನೇ ಮಹಾಯುದ್ಧದಲ್ಲಿ ಹಡಗಿನ ರೇಡಾರ್ ನೋಡ್ತಿದ್ದವರಿಗೆ ಸಮುದ್ರದಿಂದಲೇ ಒಂದಷ್ಟು ಗಲೀಜು ಸಿಗ್ನಲ್ ಬಂದು ಕಾಟ ಕೊಡ್ತಿತ್ತು, ಗಾಳಿ ಜೋರಾದಷ್ಟೂ ಆ ಕಾಟ ಜಾಸ್ತಿ. ಬೇಡದ ಆ ಕಸವೇ ಮುಂದೆ ಬೇಕಾದ ಡೇಟಾ ಆಯ್ತು. 1973ರಲ್ಲಿ ಸ್ಕೈಲ್ಯಾಬ್ ಮೇಲೆ ಮೊದಲ ಪ್ರಯೋಗ, 1978ರಲ್ಲಿ ಸೀಸ್ಯಾಟ್. ಸೀಸ್ಯಾಟ್ ನೂರು ಚಿಲ್ಲರೆ ದಿನಕ್ಕೇ ಕರೆಂಟ್ ವ್ಯವಸ್ಥೆ ಕೆಟ್ಟು ನಿಂತುಹೋಯ್ತು, ಆದ್ರೂ ಅಷ್ಟೇ ಡೇಟಾ ಇಟ್ಕೊಂಡು ಜನ ವರ್ಷಗಟ್ಟಲೆ ಕೆಲಸ ಮಾಡಿದ್ರು. ಆಮೇಲೆ 1991ರಲ್ಲಿ ಇಆರ್‌ಎಸ್-1, 1999ರಲ್ಲಿ ಕ್ವಿಕ್‌ಸ್ಕ್ಯಾಟ್, 2006ರಲ್ಲಿ ಮೊದಲ ಆಸ್ಕ್ಯಾಟ್ ಹೊತ್ತ ಮೆಟಾಪ್-ಎ, 2009ರಲ್ಲಿ ಓಷನ್‌ಸ್ಯಾಟ್-2, 2016ರಲ್ಲಿ ಸ್ಕ್ಯಾಟ್‌ಸ್ಯಾಟ್-1, 2022ರಲ್ಲಿ ಓಷನ್‌ಸ್ಯಾಟ್-3. ನಡುವೆ ಇನ್ನೂ ಕೆಲವು ಇವೆ, ಪಟ್ಟಿ ಬೇಡ.

ಗಾಳಿಯನ್ನ ರೇಡಾರ್ ನೋಡೋದಿಲ್ಲ, ಇದು ನೆನಪಿರಲಿ. ಗಾಳಿ ಬೀಸಿದಾಗ ನೀರಿನ ಮೇಲೆ ಏಳೋ ಬೆರಳಗಲದ ಸಣ್ಣ ಅಲೆಗಳನ್ನ ನೋಡತ್ತೆ. ಓರೆಯಾಗಿ ಬಂದ ಮೈಕ್ರೋವೇವ್‌ಗೂ ನೀರಿನ ಅಲೆಗೂ ತಾಳ ಕೂಡಿದಾಗ ವಾಪಸ್ ಬರೋದು ಜಾಸ್ತಿಯಾಗತ್ತೆ, ಬ್ರ್ಯಾಗ್ ಚೆದುರುವಿಕೆ ಅಂತ ಅದಕ್ಕೆ. ಲೆಕ್ಕ ಸುಲಭ, ರೇಡಾರ್ ತರಂಗಾಂತರವನ್ನ ಕೋನದ (ನೆಟ್ಟಗಿನ ಗೆರೆಯಿಂದ ಅಳೆದದ್ದು) ಸೈನ್‌ನ ಎರಡರಷ್ಟರಿಂದ ಭಾಗಿಸಿ. ಕ್ವಿಕ್‌ಸ್ಕ್ಯಾಟ್‌ನ ಕೆಯು-ಬ್ಯಾಂಡ್ 13.4 ಗಿಗಾಹರ್ಟ್ಸ್, ತರಂಗಾಂತರ 2.24 ಸೆಂಟಿಮೀಟರ್, 46 ಡಿಗ್ರಿಯಲ್ಲಿ ನೋಡ್ತಿದ್ರೆ ತಾಳ ಕೂಡೋದು ಸುಮಾರು ಒಂದೂವರೆ ಸೆಂಟಿಮೀಟರ್ ಅಲೆ ಜೊತೆ. ಆಸ್ಕ್ಯಾಟ್‌ನ 5.255 ಗಿಗಾಹರ್ಟ್ಸ್ ಸಿ-ಬ್ಯಾಂಡ್‌ಗೆ 40 ಡಿಗ್ರಿಯಲ್ಲಿ ನಾಲ್ಕೂವರೆ ಸೆಂಟಿಮೀಟರ್ ಹತ್ರ. 800 ಕಿಲೋಮೀಟರ್ ಮೇಲಿಂದ, 120 ವ್ಯಾಟ್ ಪವರ್ ಬಿಟ್ಟು, ನೀರಿನ ಮೇಲಿನ ನಾಲ್ಕೂವರೆ ಸೆಂಟಿಮೀಟರ್ ಸುಕ್ಕಿನ ಲೆಕ್ಕ ತಗೊಳ್ಳೋದು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಮೇಲೂ ನನಗೆ ಇದು ಸೋಜಿಗವೇ.

ದಿಕ್ಕು ಗೊತ್ತಾಗೋದು, ಅದೇ ಜಾಗವನ್ನ ಬೇರೆ ಬೇರೆ ಕಡೆಯಿಂದ ನೋಡೋದ್ರಿಂದ. ಗಾಳಿ ಬರೋ ಕಡೆಗೆ ಮುಖ ಮಾಡಿ ನೋಡಿದ್ರೆ ಸಿಗ್ನಲ್ ಜಾಸ್ತಿ, ಗಾಳಿ ಹೋಗೋ ಕಡೆಗೆ ನೋಡಿದ್ರೆ ಒಂಚೂರು ಕಮ್ಮಿ, ಅಡ್ಡಡ್ಡ ನೋಡಿದ್ರೆ ತೀರಾ ಕಮ್ಮಿ. ಅದಕ್ಕೇ ಆಸ್ಕ್ಯಾಟ್‌ಗೆ ಒಂದು ಪಕ್ಕಕ್ಕೆ ಮೂರರಂತೆ ಆರು ಆಂಟೆನಾ, ಒಂದು ಮುಂದಕ್ಕೆ ಓರೆ, ಒಂದು ಪಕ್ಕಕ್ಕೆ, ಒಂದು ಹಿಂದಕ್ಕೆ ಓರೆ, ಉಪಗ್ರಹ ಸಾಗ್ತಾ ಹೋದ ಹಾಗೆ ಮೂರೂ ಅದೇ ಜಾಗದ ಮೇಲೆ ಸರದಿಯಲ್ಲಿ ಹಾಯ್ತವೆ. ಕ್ವಿಕ್‌ಸ್ಕ್ಯಾಟ್ ಬೇರೆ ದಾರಿ ಹಿಡೀತು, 1 ಮೀಟರ್ ಡಿಶ್ಶನ್ನ ನಿಮಿಷಕ್ಕೆ 18 ಸುತ್ತು ತಿರುಗಿಸಿ 1800 ಕಿಲೋಮೀಟರ್ ಅಗಲ ಬಳಿದುಬಿಡ್ತಿತ್ತು. ಎದುರು ಗಾಳಿಗೂ ಹಿಂದಿನ ಗಾಳಿಗೂ ವ್ಯತ್ಯಾಸ ಬಹಳ ಸಣ್ಣದಾದ್ದರಿಂದ ಉತ್ತರ ಕೆಲವೊಮ್ಮೆ 180 ಡಿಗ್ರಿ ಉಲ್ಟಾ ಬರತ್ತೆ, ಹವಾಮಾನ ಮಾಡೆಲ್ ನೋಡಿ, ಅಕ್ಕಪಕ್ಕದ ಚುಕ್ಕಿಗಳ ಜೊತೆ ಹೊಂದಿಸಿ ಸರಿ ಮಾಡ್ತಾರೆ. ಕೆಯು-ಬ್ಯಾಂಡ್‌ಗೆ ಮಳೆ ಅಂದ್ರೆ ಆಗಲ್ಲ, ಹನಿಗಳೇ ಸಿಗ್ನಲ್ ಚೆದುರಿಸಿಬಿಡ್ತವೆ, ಸಿ-ಬ್ಯಾಂಡ್ ಅದನ್ನ ಚೆನ್ನಾಗಿ ತಡ್ಕೊಳ್ಳತ್ತೆ. ಗಾಳಿ ಇಷ್ಟು ಸಾಕು, ನಿಮಗೆ ಬೇಕಿರೋದು ಮಣ್ಣು.

ಇದೇ ತಕ್ಕಡಿ ಸಮುದ್ರ ದಾಟಿ ನೆಲದ ಮೇಲೆ ಬಂದಾಗ ಸಿಗ್ಮಾ ನಾಟ್‌ನ ಏರಿಳಿತಕ್ಕೆ ಮೂರು ಕಾರಣ ಇರತ್ತೆ: ಮೇಲ್ಮೈ ಎಷ್ಟು ಒರಟು, ಮೇಲೆ ಗಿಡಮರ ಎಷ್ಟು, ಒಳಗೆ ನೀರೆಷ್ಟು. ನೀರು ಯಾಕೆ ಅಷ್ಟು ಎದ್ದು ಕಾಣತ್ತೆ ಅಂದ್ರೆ ಡೈಎಲೆಕ್ಟ್ರಿಕ್ ಕಾನ್ಸ್ಟಂಟ್, ಅಂದ್ರೆ ವಿದ್ಯುತ್ ಕ್ಷೇತ್ರಕ್ಕೆ ಒಂದು ವಸ್ತು ಎಷ್ಟು ಸ್ಪಂದಿಸತ್ತೆ ಅನ್ನೋ ನಂಬರು. ಒಣ ಮಣ್ಣಿನದು 3ರಿಂದ 5, ನೀರಿನದು ಈ ಫ್ರೀಕ್ವೆನ್ಸಿಯಲ್ಲೂ 70ರ ಮೇಲೆ. ಮಣ್ಣಿಗೆ ಸ್ವಲ್ಪ ನೀರು ಸೇರಿದ್ರೂ ಮಿಶ್ರಣದ ಡೈಎಲೆಕ್ಟ್ರಿಕ್ ಜೋರಾಗಿ ಏರತ್ತೆ, ಮೇಲ್ಮೈ ಹೆಚ್ಚು ಪ್ರತಿಫಲಿಸತ್ತೆ, ಸಿಗ್ಮಾ ನಾಟ್ ಮೇಲೆ ಹೋಗತ್ತೆ. ಇದು ಮೇಲಿನ ಕೆಲವೇ ಸೆಂಟಿಮೀಟರ್ ಮಣ್ಣಿನ ಮಾತು, ಬೇರಿನ ಆಳದಲ್ಲಿ ಏನಾಗ್ತಿದೆ ಅಂತ ಸಿ-ಬ್ಯಾಂಡ್‌ಗೆ ನೇರವಾಗಿ ಕಾಣಲ್ಲ.

ಒರಟುತನದ ಕಾಟವನ್ನ ಏನ್ಮಾಡೋದು? ಇಲ್ಲಿ ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಇಆರ್‌ಎಸ್ ಡೇಟಾ ಮೇಲೆ ಮಾಡಿದ ಉಪಾಯ ನನಗೆ ತುಂಬಾ ಇಷ್ಟ. 25-50 ಕಿಲೋಮೀಟರ್ ಅಳತೆಯಲ್ಲಿ ನೆಲದ ಒರಟುತನ ದಿನದಿಂದ ದಿನಕ್ಕೆ ಬದಲಾಗಲ್ಲ, ಗಿಡಗಳದ್ದು ಋತುವಿನ ಜೊತೆ ನಿಧಾನ ಬದಲಾಗತ್ತೆ, ದಿನಕ್ಕೊಂದು ಥರ ಕುಣಿಯೋದು ನೀರೊಂದೇ. ಅಂದ್ಮೇಲೆ ಒರಟುತನ ಎಷ್ಟು ಅಂತ ಮಾಡೆಲ್ ಮಾಡೋ ಗೋಜಿಗೇ ಹೋಗಬೇಡಿ, ಪ್ರತಿ ಜಾಗಕ್ಕೂ ವರ್ಷಗಟ್ಟಲೆ ಡೇಟಾ ನೋಡಿ 'ಈ ಜಾಗ ತೀರಾ ಒಣಗಿದ್ದಾಗ ಇಷ್ಟು, ತೀರಾ ನೆನೆದಾಗ ಇಷ್ಟು' ಅಂತ ಎರಡು ಗೆರೆ ಹಾಕ್ಕೊಳ್ಳಿ, ಇವತ್ತಿನ ನಂಬರು ಆ ಎರಡರ ನಡುವೆ ಎಲ್ಲಿದೆ ಅಂತ ನೋಡಿ. ನೆಲವನ್ನ ಅದರದ್ದೇ ಹಳೇ ದಿನಗಳ ಜೊತೆ ಹೋಲಿಸೋದು, ಪಕ್ಕದ ನೆಲದ ಜೊತೆ ಅಲ್ಲ.

ಲೆಕ್ಕ ಹಾಕಿ ತೋರಿಸ್ತೀನಿ, ಪೆನ್ನು ತಗೊಳ್ಳಿ. ನಂಬರುಗಳು ಉದಾಹರಣೆಗೆ ನಾನೇ ಹಾಕಿದ್ದು. ಇವತ್ತು ಉಪಗ್ರಹ ನಿಮ್ಮ ಚುಕ್ಕಿಯನ್ನ 52 ಡಿಗ್ರಿ ಕೋನದಲ್ಲಿ ನೋಡಿ ಮೈನಸ್ 12.8 ಡಿಬಿ ಕೊಡ್ತು. ನಾಳೆ ಬೇರೆ ಕೋನದಲ್ಲಿ ನೋಡತ್ತೆ, ಕೋನ ಓರೆಯಾದಷ್ಟೂ ಸಿಗ್ನಲ್ ಇಳಿಯೋದ್ರಿಂದ ಎರಡನ್ನೂ ಹಾಗೇ ಹೋಲಿಸೋಕಾಗಲ್ಲ, ಅದಕ್ಕೆ ಎಲ್ಲವನ್ನೂ 40 ಡಿಗ್ರಿಗೆ ತರಬೇಕು. ಆ ಜಾಗದಲ್ಲಿ ಈ ಋತುವಿಗೆ ಸಿಗ್ನಲ್‌ನ ಇಳಿಜಾರು ಡಿಗ್ರಿಗೆ ಮೈನಸ್ 0.15 ಡಿಬಿ ಅನ್ಕೊಳ್ಳಿ. 52ರಿಂದ 40ಕ್ಕೆ ಬರೋಕೆ 12 ಡಿಗ್ರಿ, 12 ಗುಣಿಸು 0.15 ಅಂದ್ರೆ 1.8, ಅಷ್ಟನ್ನ ಕೂಡಿಸಿದ್ರೆ ಮೈನಸ್ 11.0. ಈಗ ಆ ಜಾಗದ ಒಣ ಗೆರೆ ಮೈನಸ್ 14, ಒದ್ದೆ ಗೆರೆ ಮೈನಸ್ 8 ಅಂತಿದ್ರೆ, ಒಟ್ಟು ಅಂತರ 6, ನಾವಿರೋದು ಒಣ ಗೆರೆಯಿಂದ 3 ಮೇಲೆ, ಅಂದ್ರೆ 50 ಪರ್ಸೆಂಟ್. ಇಷ್ಟೇ. (ಇಲ್ಲಿ ಡಿಬಿಯಲ್ಲೇ ಲೆಕ್ಕ ಮಾಡಿದ್ದು ಯಾಕೆ, ಈಗ ತಾನೇ ಬೇಡ ಅಂದ್ರಲ್ಲ ಅಂತ ಕೇಳ್ತೀರ. ಇದು ಸರಾಸರಿ ಅಲ್ಲ, ಡಿಬಿಗೂ ತೇವಾಂಶಕ್ಕೂ ಸಂಬಂಧ ಹೆಚ್ಚುಕಮ್ಮಿ ನೇರ ಗೆರೆ ಅನ್ನೋ ಒಂದು ಅಂದಾಜಿನ ಮೇಲೆ ಇಡೀ ವಿಧಾನ ನಿಂತಿದೆ.)

ಆ ಇಳಿಜಾರಿನ ಬಗ್ಗೆ ಒಂದು ಮಾತು. ಅದೇನು ಬರೀ ತಿದ್ದುಪಡಿಗೆ ಬೇಕಾದ ನಂಬರಲ್ಲ, ಗಿಡಗಳ ಸುದ್ದಿ ಕೂತಿರೋದೇ ಅಲ್ಲಿ. ಬರಿ ನೆಲ ಇದ್ದಾಗ ಕೋನ ಹೆಚ್ಚಾದಂತೆ ಸಿಗ್ನಲ್ ಕಡಿದಾಗಿ ಇಳಿಯತ್ತೆ, ಎಲೆ ಕೊಂಬೆ ತುಂಬ್ಕೊಂಡಾಗ ಅವು ಎಲ್ಲಾ ಕಡೆಗೂ ಹೆಚ್ಚುಕಮ್ಮಿ ಒಂದೇ ಥರ ಚೆದುರಿಸೋದ್ರಿಂದ ಇಳಿಜಾರು ಚಪ್ಪಟೆ ಆಗತ್ತೆ. ಆಸ್ಕ್ಯಾಟ್‌ನ ಪಕ್ಕದ ಆಂಟೆನಾ ಒಂದು ಕೋನದಲ್ಲಿ, ಹಿಂದು-ಮುಂದಿನವು ಇನ್ನೊಂದು ಕೋನದಲ್ಲಿ ಒಂದೇ ಹಾಯುವಿಕೆಯಲ್ಲಿ ನೋಡೋದ್ರಿಂದ ಈ ಇಳಿಜಾರು ಪುಕ್ಕಟೆಯಾಗಿ ಸಿಗತ್ತೆ. ಗಾಳಿಯ ದಿಕ್ಕಿಗೆ ಅಂತ ಮಾಡಿದ ಮೂರು ಆಂಟೆನಾ ನೆಲದ ಮೇಲೆ ಗಿಡವನ್ನೂ ಮಣ್ಣನ್ನೂ ಬೇರೆ ಮಾಡೋಕೆ ಬಂತು ನೋಡಿ. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇದೇ.

ಆದ್ರೆ ತಕ್ಕಡಿಗೆ ಒಂದು ದೋಷ ಇದೆ, ತೂಕ ಯಾಕೆ ಬದಲಾಯ್ತು ಅಂತ ಅದು ಹೇಳಲ್ಲ. ನಾನು ಹೊಸದರಲ್ಲಿ ಉತ್ತರದ ಶೀತ ಪ್ರದೇಶದ ಒಂದು ಚುಕ್ಕಿಯ ಗ್ರಾಫ್ ಮಾಡಿದ್ದೆ, ನವೆಂಬರ್‌ನಲ್ಲಿ ಒಂದೇ ರಾತ್ರಿಗೆ ತೇವಾಂಶ ಧೊಪ್ಪಂತ ಬಿತ್ತು. ಎಂಥ ಬರ ಅಂತ ಖುಷಿಯಾಗಿ ಸ್ಲೈಡ್ ಕೂಡ ರೆಡಿ ಮಾಡ್ಕೊಂಡೆ, ಬರ ನೋಡಿ ಖುಷಿಪಡೋದು ನಮ್ಮ ಕಸುಬಿನ ಕೆಟ್ಟ ಚಾಳಿ. ಪಕ್ಕದ ಸೀಟಿನ ಸೀನಿಯರ್ ಒಬ್ರು ಗ್ರಾಫ್ ನೋಡಿ 'ಆವತ್ತು ಟೆಂಪರೇಚರ್ ಎಷ್ಟಿತ್ತು' ಅಂತಷ್ಟೇ ಕೇಳಿದ್ರು. ಸೊನ್ನೆಗಿಂತ ಕೆಳಗೆ. ನೀರು ಎಲ್ಲೂ ಹೋಗಿರಲಿಲ್ಲ, ಅಲ್ಲೇ ಹೆಪ್ಪುಗಟ್ಟಿತ್ತು, ಮಂಜುಗಡ್ಡೆಯ ಡೈಎಲೆಕ್ಟ್ರಿಕ್ 3.2 ಅಷ್ಟೇ, ರೇಡಾರ್ ಕಣ್ಣಿಗೆ ಹೆಪ್ಪುಗಟ್ಟಿದ ಒದ್ದೆ ಮಣ್ಣೂ ಒಣ ಮಣ್ಣೂ ಒಂದೇ. ಅವತ್ತಿಂದ ತಾಪಮಾನದ ಕಾಲಮ್ ಪಕ್ಕದಲ್ಲಿಲ್ಲದೆ ತೇವಾಂಶದ ಗ್ರಾಫ್ ತೆಗೆಯೋದೇ ಇಲ್ಲ.

ಇನ್ನೊಂದು ಮೋಸ ಇದಕ್ಕೆ ಪೂರ್ತಿ ಉಲ್ಟಾ. ತೀರಾ ಒಣಗಿದ ಮರುಭೂಮಿಯಲ್ಲಿ ಮೈಕ್ರೋವೇವ್ ಮರಳಿನೊಳಕ್ಕೆ ಇಳಿದು ಕೆಳಗಿರೋ ಕಲ್ಲು ಬಂಡೆಗೆ ತಗುಲಿ ವಾಪಸ್ ಬರತ್ತೆ, ಹಾಗಾಗಿ ಒಣಗಿದಷ್ಟೂ ಸಿಗ್ನಲ್ ಜಾಸ್ತಿ ಆಗೋದೂ ಉಂಟು, ಪ್ರಾಡಕ್ಟ್ ಮಾತ್ರ ಅದನ್ನ 'ಒದ್ದೆ' ಅಂತ ಓದತ್ತೆ. ದಟ್ಟ ಕಾಡಲ್ಲಿ ಸಿ-ಬ್ಯಾಂಡ್ ಎಲೆಗಳ ಮೇಲೇ ನಿಂತುಬಿಡತ್ತೆ, ಮಣ್ಣು ತಲುಪಲ್ಲ. ಊರು, ಬೆಟ್ಟ, ದೊಡ್ಡ ಕೆರೆ ಇರೋ ಚುಕ್ಕಿಗಳನ್ನ ಫ್ಲ್ಯಾಗ್ (ಡೇಟಾ ಜೊತೆ ಬರೋ ಎಚ್ಚರಿಕೆ ಗುರುತು) ನೋಡಿ ಬಿಟ್ಟುಬಿಡಿ.

ಒಬ್ಬರಿಗೆ ಕಾಟ ಆಗಿದ್ದು ಇನ್ನೊಬ್ಬರಿಗೆ ಡೇಟಾ ಅಂದ್ನಲ್ಲ, ಹಿಮದಲ್ಲೂ ಅದೇ. ಒಣ ಹಿಮ ರೇಡಾರ್‌ಗೆ ಗಾಜಿನ ಹಾಗೆ, ಒಳಕ್ಕೆ ಹೋಗಿ ಒಳಗಿನ ಪದರಗಳಿಂದ ಜೋರಾಗಿ ವಾಪಸ್ ಬರತ್ತೆ. ಮೇಲಿನ ಹಿಮ ಒಂಚೂರು ಕರಗಿ ನೀರಿನಂಶ ಬಂತು ಅಂದ್ರೆ ಆ ನೀರು ಸಿಗ್ನಲ್ ನುಂಗಿಬಿಡತ್ತೆ, ಸಿಗ್ಮಾ ನಾಟ್ ಹಲವಾರು ಡಿಬಿ ಕುಸಿಯತ್ತೆ. 2012ರ ಜುಲೈನಲ್ಲಿ ಗ್ರೀನ್‌ಲ್ಯಾಂಡ್‌ನಲ್ಲಿ ಆಗಿದ್ದು ಇದೇ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಸಾನ್ ನ್ಯೀಮ್ ಇಸ್ರೋದ ಓಷನ್‌ಸ್ಯಾಟ್-2 ಸ್ಕ್ಯಾಟರೋಮೀಟರ್ ಡೇಟಾ ನೋಡ್ತಿದ್ದಾಗ ಜುಲೈ 12ಕ್ಕೆ ಹೆಚ್ಚುಕಮ್ಮಿ ಇಡೀ ಗ್ರೀನ್‌ಲ್ಯಾಂಡ್ ಮೇಲ್ಮೈ ಕರಗಿದ ಹಾಗೆ ಕಾಣ್ತು. ಡೇಟಾನೇ ತಪ್ಪಿರಬೇಕು ಅನ್ನೋ ಅನುಮಾನ ಬರೋವಷ್ಟು ವಿಚಿತ್ರ, ಬೇರೆ ಉಪಗ್ರಹಗಳ ಜೊತೆ ತಾಳೆ ನೋಡಿದ್ರೂ ಅದೇ ಬಂತು. ಜುಲೈ 8ಕ್ಕೆ 40 ಪರ್ಸೆಂಟ್ ಇದ್ದಿದ್ದು ನಾಲ್ಕೇ ದಿನದಲ್ಲಿ 97 ಪರ್ಸೆಂಟ್. ನಾಲ್ಕು ದಿನದೊಳಗಿನ ಕಥೆ ಇದು, ದಿನಾ ನೋಡೋ ಉಪಕರಣಕ್ಕೆ ಸಿಕ್ಕಿಬೀಳೋ ಕಥೆ, ರೆಸಲ್ಯೂಷನ್ ಎಷ್ಟೇ ದಪ್ಪ ಇದ್ರೂ.

ತಕ್ಕಡಿ ಅಂದ್ಮೇಲೆ ಕಲ್ಲು ಸರಿ ಇದೆಯಾ ಅಂತ ಪರೀಕ್ಷೆ ಮಾಡ್ಬೇಕಲ್ಲ. ಆಸ್ಕ್ಯಾಟ್‌ಗೆ ಟರ್ಕಿಯಲ್ಲಿ ಮೂರು ಟ್ರಾನ್ಸ್‌ಪಾಂಡರ್ ಇಟ್ಟಿದ್ರು, ಬಂದ ಪಲ್ಸನ್ನ ಗೊತ್ತಿರೋ ಬಲದಲ್ಲಿ ವಾಪಸ್ ಕಳ್ಸೋ ಪೆಟ್ಟಿಗೆಗಳು ಅವು. ಇನ್ನೊಂದು ತೂಕದ ಕಲ್ಲು ಅಮೆಜಾನ್ ಮಳೆಕಾಡು, ವರ್ಷವಿಡೀ ಹಸಿರು, ಯಾವ ದಿಕ್ಕಿಂದ ನೋಡಿದ್ರೂ ಹೆಚ್ಚುಕಮ್ಮಿ ಅದೇ ನಂಬರು, ಹಾಗಾಗಿ ಬೇರೆ ಬೇರೆ ಉಪಗ್ರಹಗಳನ್ನ ಒಂದಕ್ಕೊಂದು ಹೊಂದಿಸೋಕೆ ಅದನ್ನ ಬಳಸ್ತಾರೆ. ಇದರ ಮಧ್ಯೆ ಕ್ವಿಕ್‌ಸ್ಕ್ಯಾಟ್‌ದು ನನಗೆ ಮರೆಯೋಕಾಗದ ಕಥೆ. 2009ರ ನವೆಂಬರ್‌ನಲ್ಲಿ ಅದರ ಬೇರಿಂಗ್ ಸವೆದು ಡಿಶ್ ತಿರುಗೋದು ನಿಂತುಹೋಯ್ತು, 1800 ಕಿಲೋಮೀಟರ್ ಬಳೀತಿದ್ದದ್ದು ಒಂದು ಸಣ್ಣ ಪಟ್ಟಿಗೆ ಇಳೀತು, ಗಾಳಿಯ ನಕ್ಷೆಗೆ ಅದು ಮುಗೀತು ಅಂತ ಎಲ್ಲರೂ ಅನ್ಕೊಂಡ್ರು. ಆದ್ರೆ ರೇಡಾರ್ ಮಾತ್ರ ಗಟ್ಟಿಯಾಗಿ ಅದೇ ನಂಬರು ಕೊಡ್ತಾನೇ ಇತ್ತು, ಹಾಗಾಗಿ 2018ರವರೆಗೂ ಅದನ್ನ ಬಿಡದೆ ಇಟ್ಕೊಂಡು ಓಷನ್‌ಸ್ಯಾಟ್-2, ರ‍್ಯಾಪಿಡ್‌ಸ್ಕ್ಯಾಟ್ ಥರದ ಹೊಸಬರನ್ನ ಅದರ ಜೊತೆ ಹೋಲಿಸಿ ಸರಿಮಾಡ್ಕೊಂಡ್ರು.

ಈಗ ನಿಮ್ಮ ಪ್ರಾಜೆಕ್ಟ್. ರೆಡಿಮೇಡ್ ತೇವಾಂಶದ ಪ್ರಾಡಕ್ಟ್‌ನಲ್ಲಿ ಬರೋ 50 ಪರ್ಸೆಂಟ್ ಅನ್ನೋದು ಮಣ್ಣಿನಲ್ಲಿ ಅರ್ಧ ನೀರು ಅಂತಲ್ಲ, ಒಣ-ಒದ್ದೆ ಗೆರೆಗಳ ನಡುವಿನ ಅರ್ಧ. ಮಣ್ಣಿನ ಗಾತ್ರದಲ್ಲಿ ನೀರಿನ ಪಾಲೆಷ್ಟು ಅನ್ನೋ ಘನ ಅಳತೆ ಬೇಕಿದ್ರೆ ಆ ಮಣ್ಣಿನ ಸರಂಧ್ರತೆಯಿಂದ (ಮಣ್ಣಿನ ಕಣಗಳ ನಡುವಿನ ಖಾಲಿ ಜಾಗದ ಪಾಲು) ಗುಣಿಸ್ಬೇಕು, ಸರಂಧ್ರತೆ 0.44 ಇದ್ರೆ 50 ಪರ್ಸೆಂಟ್ ಅಂದ್ರೆ 0.22. ನೆಲದಲ್ಲಿ ಹೂತ ಸೆನ್ಸರ್ ಜೊತೆ ಹೋಲಿಸುವಾಗ ನಂಬರಿಗೆ ನಂಬರು ಕೂಡಲ್ಲ, ಅದು ಒಂದು ಅಂಗೈಯಗಲದ ಮಾತು, ಇದು ಒಂದು ತಾಲ್ಲೂಕಿನಷ್ಟಗಲದ ಮಾತು. ಏರೋ ದಿನ ಏರ್ತಾ, ಇಳಿಯೋ ದಿನ ಇಳೀತಾ ಅಂತ ನೋಡಿ, ಋತುವಿನ ಸರಾಸರಿ ಕಳೆದು ಉಳಿದದ್ದನ್ನ ಹೋಲಿಸಿದ್ರೆ ಇನ್ನೂ ಪ್ರಾಮಾಣಿಕ, ಇಲ್ದಿದ್ರೆ ಮಳೆಗಾಲ-ಬೇಸಿಗೆ ಎರಡೂ ಕಡೆ ಇರೋದ್ರಿಂದಾನೇ ಕೋರಿಲೇಷನ್ ಚೆನ್ನಾಗಿ ಬಂದು ನಿಮ್ಮನ್ನ ಏಮಾರಿಸತ್ತೆ. ಬೆಳಗ್ಗೆಯ ಹಾಯುವಿಕೆ, ರಾತ್ರಿಯ ಹಾಯುವಿಕೆ ಬೇರೆ ಬೇರೆ ಇಡಿ, ಮೆಟಾಪ್ ಸ್ಥಳೀಯ ಸಮಯ ಬೆಳಗ್ಗೆ ಮತ್ತೆ ರಾತ್ರಿ ಒಂಬತ್ತೂವರೆ ಹೊತ್ತಿಗೆ ಹಾಯತ್ತೆ, ಇಬ್ಬನಿ ಮತ್ತೆ ಗಿಡದೊಳಗಿನ ನೀರು ಎರಡು ಹೊತ್ತಿಗೂ ಒಂದೇ ಥರ ಇರಲ್ಲ.

ಇದಕ್ಕೆಲ್ಲ ಮುಂಚೆ ಒಂದು ಕೆಲಸ ಮಾಡಿ. ಯಾವುದಾದ್ರೂ ಒಂದೇ ಚುಕ್ಕಿ ಆರಿಸ್ಕೊಂಡು, ಒಂದು ವರ್ಷದ ಕಚ್ಚಾ ಸಿಗ್ಮಾ ನಾಟ್ ತಗೊಂಡು, ಅಡ್ಡಕ್ಕೆ ಕೋನ ಉದ್ದಕ್ಕೆ ಡಿಬಿ ಹಾಕಿ ಚುಕ್ಕಿಗಳನ್ನ ಪ್ಲಾಟ್ ಮಾಡಿ, ತಿಂಗಳಿಗೊಂದು ಬಣ್ಣ ಕೊಡಿ. ಮಳೆ ತಿಂಗಳ ಬಣ್ಣ ಮೇಲಕ್ಕೂ ಒಣ ತಿಂಗಳದ್ದು ಕೆಳಕ್ಕೂ ಹೋಗಿ, ಗಿಡ ಬೆಳೆದ ತಿಂಗಳಲ್ಲಿ ಗೆರೆ ಚಪ್ಪಟೆ ಆಗಿದ್ದು ಕಂಡ್ರೆ ನಿಮ್ಮ ಚುಕ್ಕಿ ಒಳ್ಳೇದು, ಮುಂದುವರೀರಿ. ಎಲ್ಲಾ ಬಣ್ಣ ಒಂದರ ಮೇಲೊಂದು ಕಲಸ್ಕೊಂಡಿದ್ರೆ ಅಲ್ಲಿ ಕಾಡೋ ಕೆರೆಯೋ ಊರೋ ಇದೆ ಅಂತ ಅರ್ಥ, ಗೈಡಿಗೆ ಆ ಪ್ಲಾಟ್ ತೋರಿಸಿ ಜಾಗ ಬದಲಾಯಿಸ್ಕೊಳ್ಳಿ.